ರೈಟ್

ಇಪ್ಪತ್ತಮೂರು ವರ್ಷ
ನಾನು ರೈಟ್ ಅಂದ ಮೇಲೇ ಬಸ್ಸು ಹೊರಟದ್ದು.
ಗಾಜನೂರು, ಸಕ್ರೆಬೈಲು, ಮಂಡಗದ್ದೆ,
ಯಾವ ತಿರುವಿಗೆ ಯಾವ ಕಾಲು ಊರಬೇಕೆಂದು
ನನ್ನ ಹಿಮ್ಮಡಿಗೆ ಗೊತ್ತು.
ಕಂಬಿ ಹಿಡಿಯದೆ, ಬಾಯಲ್ಲಿ ಪೆನ್ನು ಕಚ್ಚಿ
ಐನೂರಕ್ಕೆ ಚಿಲ್ಲರೆ ಎಣಿಸಿ ಕೊಟ್ಟವಳು ನಾನು.
ಆದರೂ
ಎರಡು ಚಕ್ರದ ಮೇಲೆ ಎರಡು ಮಾರು ಹೋದವಳಲ್ಲ.

ಚಿಕ್ಕಂದಿನಲ್ಲಿ ಸೈಕಲ್ಲು ಅಣ್ಣನದು,
ಕ್ಯಾರಿಯರು ನನ್ನದು.
ಆಮೇಲೆ ಗಂಡನ ಸ್ಕೂಟರಿನ ಹಿಂದಿನ ಸೀಟು.
ಆಮೇಲೆ ಬಸ್ಸಿನ ಬಾಗಿಲ ಪಕ್ಕದ ಒಂಟಿ ಸೀಟು.

ಐವತ್ತಕ್ಕೆ ಕಾಲಿಟ್ಟ ವಾರ
ಮೆಕ್ಯಾನಿಕ್ ಖಲೀಲಣ್ಣನ ಶೆಡ್ಡಿನಲ್ಲಿ
ತುಕ್ಕು ತಿನ್ನುತ್ತ ನಿಂತಿದ್ದ ಲೇಡೀಸ್ ಸೈಕಲ್ಲು ಕೇಳಿದೆ.
‘ಯಾರಿಗೆ ಹೂವಕ್ಕ?’
ನನಗೆ ಅನ್ನಲು ಬಾಯಿ ಬರಲಿಲ್ಲ.
‘ನೆಂಟರ ಹುಡುಗಿಗೆ’ ಅಂದೆ.
ಅವರು ಚೈನಿಗೆ ಎಣ್ಣೆ ಬಿಟ್ಟು,
ಸೀಟನ್ನು ಸರಿಯಾಗಿ ನನ್ನ ಸೊಂಟದ ಅಳತೆಗೆ ಏರಿಸಿ
ಏನೂ ಅನ್ನದೆ ಕೊಟ್ಟರು.

ಗುರು, ಅವರ ಮಗಳು ಆಫ್ರೀನ್, ಆರನೇ ಕ್ಲಾಸು.
ಗುರುದಕ್ಷಿಣೆ, ದಿನಕ್ಕೊಂದು ನಿಪ್ಪಟ್ಟು.
ಪಾಠಶಾಲೆ, ಹಳೇ ಜೈಲಿನ ಮೈದಾನ,
ಬೆಳಗಿನ ಐದೂವರೆ,
ಮಂಕಿಕ್ಯಾಪಿನ ವಾಕಿಂಗಿನವರು ಬರುವ ಮೊದಲು.

ಬಿದ್ದೆ.
ಎಡಕ್ಕೇ ಬಿದ್ದೆ, ಪ್ರತಿ ಸಲವೂ ಎಡಕ್ಕೇ.
ನಾಲ್ಕನೆಯ ದಿನ ಆಫ್ರೀನ್ ದೂರ ನಿಂತು, ಕಣ್ಣು ಕಿರಿದು ಮಾಡಿ,
‘ಆಂಟೀ, ನಿಮ್ಮ ಎಡಹೆಗಲು ಇಳಿದಿದೆ.
ಚೀಲ ಕೆಳಗಿಡಿ’ ಅಂದಳು.
ಚೀಲ ಎಲ್ಲಿತ್ತು?
ಡಿಪೋದ ಕಪಾಟಿನಲ್ಲಿ, ಬೀಗದೊಳಗೆ.
ಹೆಗಲು ಮಾತ್ರ ನಿದ್ದೆಯಲ್ಲೂ ಅದನ್ನು ಹೊತ್ತಿತ್ತು,
ನಾಣ್ಯಗಳ ತೂಕ ಸಮೇತ.

‘ಮುಂದಿನ ಚಕ್ರ ನೋಡಬೇಡಿ,
ಹೋಗೋ ಕಡೆ ನೋಡಿ.’
ಹೋಗೋ ಕಡೆ!
ನಾನು ದಾರಿ ಕಂಡದ್ದೆಲ್ಲ ಪಕ್ಕದ ಕಿಟಕಿಯಲ್ಲಿ,
ಮರ ದಾಟಿದ ಮೇಲೆ ಮರ,
ಊರು ಹಿಂದಾದ ಮೇಲೆ ಊರು.
ಎದುರಿಂದ ಬರುವ ದಾರಿ
ಇಷ್ಟು ಅಗಲವೆಂದು ಯಾರೂ ಹೇಳಿರಲಿಲ್ಲ.

ಹನ್ನೊಂದನೆಯ ಬೆಳಗ್ಗೆ
ಹಿಂದೆ ಹಿಡಿದಿದ್ದಾಳೆಂದೇ ನಂಬಿ ತುಳಿಯುತ್ತಿದ್ದೆ.
ತಿರುಗಿ ನೋಡಿದರೆ ಅವಳು ಅಷ್ಟು ದೂರದಲ್ಲಿ
ಕಲ್ಲುಬೆಂಚಿನ ಮೇಲೆ ಕೂತು ನಿಪ್ಪಟ್ಟು ಮುರಿಯುತ್ತಿದ್ದಳು.
ನೋಡಿದ್ದೇ ತಡ, ಬಿದ್ದೆ.
ಅದು ಬೇರೆ ಮಾತು.

ಮೊಣಕಾಲಲ್ಲಿ ಹಕ್ಕಳೆ.
ಎಷ್ಟು ಕಾಲವಾಗಿತ್ತು ಇಂಥದೊಂದು ಗಾಯವಾಗಿ!
ಒಲೆಯದಲ್ಲ, ಆಪರೇಷನ್ನಿನದಲ್ಲ,
ಆಡಿ ಬಿದ್ದ ಗಾಯ.
ಯೂನಿಫಾರ್ಮಿನ ಮೇಲಿಂದಲೇ ಆಗಾಗ ಮುಟ್ಟಿ ನೋಡಿಕೊಂಡೆ,
ಇದೆಯಾ ಅಂತ.

ಅದೇ ವಾರ ನನ್ನ ಜೊತೆ ಟ್ರೈನಿಂಗಿಗೆ ಬಂದವನು ಬೀರೇಶ.
ಮಂಡಗದ್ದೆ ದಾಟುವಷ್ಟರಲ್ಲಿ
ಮೂರು ಟಿಕೆಟ್ಟು ತಪ್ಪು ಒತ್ತಿ,
ಮಷೀನು ಕುಯ್ಯೆಂದು ಕೂಗಿ, ಕೈ ನಡುಗಿ,
ಒಬ್ಬಜ್ಜಿಯ ಆಧಾರ್ ಕಾರ್ಡು ಕಾಲಡಿಗೆ ಜಾರಿ,
ಹುಡುಗ ನನ್ನ ಮುಖ ನೋಡಿದ.
ಹೋದ ವರ್ಷದ ಹೂವಮ್ಮ ಆಗಿದ್ದರೆ
ಇಡೀ ಬಸ್ಸಿಗೆ ಕೇಳುವಂತೆ ಅವನ ನೀರಿಳಿಸುತ್ತಿದ್ದಳು.
ಬಾಯಿ ತೆರೆದೆ.
ಮೊಣಕಾಲು ಚುರ್ರೆಂದಿತು.
‘ಮಷೀನು ನೋಡಬೇಡ ಮಾರಾಯ,
ಎದುರಿಗಿರೋ ಮನುಷ್ಯರನ್ನ ನೋಡು.
ಎಲ್ಲಿಗೆ ಅಂತ ಕೇಳು. ಬೆರಳು ತಾನೇ ಹೋಗುತ್ತೆ.’
ಕಾರ್ಡು ಹೆಕ್ಕಿಕೊಟ್ಟೆ.
ಅಜ್ಜಿ ಬೊಚ್ಚುಬಾಯಲ್ಲಿ ನಕ್ಕಳು,
ಯಾರನ್ನು ನೋಡಿಯೋ ಗೊತ್ತಿಲ್ಲ.

ಈಗ ಡ್ಯೂಟಿಗೆ ಸೈಕಲ್ಲಿನಲ್ಲೇ ಹೋಗುತ್ತೇನೆ.
ಹೊಸಿಲು ದಾಟಿಸಿ, ಒಂದು ಕಾಲು ನೆಲದಲ್ಲಿಟ್ಟು,
ಯಾರಿಗೂ ಕೇಳದಂತೆ ರೈಟ್ ಅಂದು, ಹೊರಡುತ್ತೇನೆ.

ಬಲಕ್ಕೆ ತಿರುಗಿಸಲು ಮಾತ್ರ ಇನ್ನೂ ಬಾರದು.
ಹಿಂದೆ ಲಾರಿ ಹಾರನ್ನು ಹೊಡೆದರೆ ಎದೆ ಡವಡವ.
ಹಾಗಾಗಿ ಸಂಜೆ, ಎಡಕ್ಕೊಮ್ಮೆ,
ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ,
ಕಾಣದ ಬೀದಿಗಳನ್ನೆಲ್ಲ ಕಂಡು,
ಯಾರದೋ ಮನೆಯ ಒಗ್ಗರಣೆಯ ಘಮ ದಾಟಿ
ಮನೆ ಸೇರುತ್ತೇನೆ.
ಹತ್ತು ನಿಮಿಷದ ಹಾದಿಗೆ ಅರ್ಧ ಗಂಟೆ.

ಆಫ್ರೀನ್ ಹೇಳುತ್ತಾಳೆ,
ಭಾನುವಾರ ಬಲ.